ಲೆಕ್ಕ ಕೇಳುವವರು, ಆಸರೆ ಕೇಳುವವರು

ನಮ್ಮ ಕಡೆಯ ಮನೆಗಳಲ್ಲಿ ಪಾಸ್‌ಪೋರ್ಟನ್ನು ಜಮೀನಿನ ಪತ್ರ, ರೇಷನ್ ಕಾರ್ಡು, ನಿಕಾಹ್‌ನಾಮಾಗಳ ಜೊತೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಡುತ್ತಾರೆ. ಗಲ್ಫಿಗೆ ಹೋಗಿ ಬಂದವರ ಮನೆಯಲ್ಲಂತೂ ಅವಧಿ ಮುಗಿದು, ಮೂಲೆ ಕತ್ತರಿಸಿದ ಹಳೆಯ ಪುಸ್ತಕವನ್ನೂ ಎಸೆಯುವುದಿಲ್ಲ. ಅದು ಯಾವ ಕೆಲಸಕ್ಕೂ ಬಾರದು. ಆದರೂ ಎಸೆಯಲು ಮನಸ್ಸು ಬಾರದು.

ಆದರೆ ಅದರ ಒಳಪುಟವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ? ಪಾಸ್‌ಪೋರ್ಟ್ ಕೈಗೆ ಬಂದ ಕೂಡಲೇ ನಾವು ನೋಡುವುದು ಹೆಸರಿನ ಸ್ಪೆಲ್ಲಿಂಗ್ ಸರಿಯಿದೆಯೇ, ಹುಟ್ಟಿದ ತಾರೀಕು ಸರಿಯಿದೆಯೇ ಎಂದು ಮಾತ್ರ. ಅಲ್ಲಿ ಒಂದು ವಿನಂತಿ ಅಚ್ಚಾಗಿರುತ್ತದೆ. ಭಾರತದ ರಾಷ್ಟ್ರಪತಿಯವರ ಹೆಸರಿನಲ್ಲಿ, ಲೋಕದ ಸಂಬಂಧಪಟ್ಟ ಎಲ್ಲರಿಗೂ ಮಾಡಿದ ವಿನಂತಿ: ಇದನ್ನು ಹಿಡಿದು ಬಂದವರನ್ನು ಅಡ್ಡಿ ಆತಂಕವಿಲ್ಲದೆ ಹೋಗಲು ಬಿಡಿ, ಅವರಿಗೆ ಬೇಕಾಗಬಹುದಾದ ಎಲ್ಲ ನೆರವನ್ನೂ ರಕ್ಷಣೆಯನ್ನೂ ಕೊಡಿ. ಈ ಮಾತಿನ ಧಾಟಿ ನಮಗೆ ಬ್ರಿಟಿಷರಿಂದ ಬಂದದ್ದು. ಅವರ ಪಾಸ್‌ಪೋರ್ಟಿನಲ್ಲೂ ಹೆಚ್ಚು ಕಡಿಮೆ ಇದೇ ಮಾತುಗಳಿವೆ. ಅಲ್ಲಿ ರಾಜನ ಹೆಸರಿನಲ್ಲಿ ಇವೆ, ಅಷ್ಟೇ ವ್ಯತ್ಯಾಸ.

ಅಂದರೆ ಪ್ರತಿಯೊಂದು ಪಾಸ್‌ಪೋರ್ಟೂ ಒಂದು ಬಗೆಯಲ್ಲಿ ಆಸರೆಯ ಅರ್ಜಿಯೇ. ನಮ್ಮವನು ನಿಮ್ಮ ಊರಿಗೆ ಬರುತ್ತಿದ್ದಾನೆ, ಕಷ್ಟ ಬಂದರೆ ಕೈ ಬಿಡಬೇಡಿ ಎಂದು ಒಂದು ಸರ್ಕಾರ ಇನ್ನೊಂದು ಸರ್ಕಾರವನ್ನು ಕೇಳಿಕೊಳ್ಳುತ್ತದೆ. ಹಾಗಾದರೆ ಯಾರ ಪರವಾಗಿಯೂ ಯಾವ ಸರ್ಕಾರವೂ ಹೀಗೆ ಕೇಳಿಕೊಳ್ಳದಿದ್ದರೆ? ತನ್ನ ಸರ್ಕಾರಕ್ಕೇ ಹೆದರಿ ಓಡಿ ಬಂದವನ ಪರವಾಗಿ ಆ ಪುಟದಲ್ಲಿ ಸಹಿ ಮಾಡುವವರು ಯಾರು?

ಈ ಪ್ರಶ್ನೆ ನಮ್ಮ ತಲೆಯಲ್ಲಿ ಕೂತದ್ದು ಬ್ರಿಟನ್ನಿನ ಸಂಸತ್ತಿನ ಕೆಲವು ವರ್ಷಗಳ ಕಲಾಪಗಳನ್ನು ಹಿಂಬಾಲಿಸುತ್ತಿದ್ದಾಗ. ಆ ದೇಶದಲ್ಲಿ ಪಾಸ್‌ಪೋರ್ಟ್ ಅಚ್ಚು ಹಾಕಿಸುವುದೂ, ಆಶ್ರಯ ಕೋರಿ ಬಂದವರನ್ನು ಒಳಗೆ ಬಿಡುವುದೋ ಹೊರಗೆ ಅಟ್ಟುವುದೋ ಎಂದು ತೀರ್ಮಾನಿಸುವುದೂ ಒಂದೇ ಇಲಾಖೆ, ಗೃಹ ಇಲಾಖೆ. ಎರಡಕ್ಕೂ ಉತ್ತರ ಕೊಡಬೇಕಾದವರು ಒಬ್ಬರೇ ಮಂತ್ರಿ. ಒಂದೇ ಸಮಿತಿಯ ಮುಂದೆ, ಅದೇ ಕುರ್ಚಿಯಲ್ಲಿ ಕೂತು.

2017ರ ಡಿಸೆಂಬರಿನಲ್ಲಿ ಬ್ರಿಟಿಷ್ ಸರ್ಕಾರ ಒಂದು ಘೋಷಣೆ ಮಾಡಿತು. ಯೂರೋಪಿನ ಒಕ್ಕೂಟದಿಂದ ಹೊರಬಂದ ಮೇಲೆ ಕಡುಗೆಂಪು ಬಣ್ಣದ ಪಾಸ್‌ಪೋರ್ಟನ್ನು ಬಿಟ್ಟು ಹಳೆಯ ನೀಲಿ ಬಣ್ಣಕ್ಕೆ ಮರಳುತ್ತೇವೆ ಎಂದು. ಕಡುಗೆಂಪು ಬಂದದ್ದು 1988ರಲ್ಲಿ. ನೀಲಿ ಎಂದರೆ ಸ್ವಾಭಿಮಾನ, ಸಾರ್ವಭೌಮತ್ವ ಎಂದೆಲ್ಲ ಭಾಷಣಗಳಾದವು. (ನಮ್ಮದು ಮೊದಲಿಂದಲೂ ನೀಲಿಯೇ. ಅದನ್ನು ಹಿಡಿದು ಸರದಿಯಲ್ಲಿ ನಿಂತಾಗ ನಮಗೆ ಅಂಥ ಸಾರ್ವಭೌಮತ್ವವೇನೂ ಅನುಭವಕ್ಕೆ ಬಂದದ್ದಿಲ್ಲ.) ಮೂರು ತಿಂಗಳು ಕಳೆಯುವಷ್ಟರಲ್ಲಿ, 2018ರ ಮಾರ್ಚಿನಲ್ಲಿ, ಆ ನೀಲಿ ಪುಸ್ತಕವನ್ನು ಅಚ್ಚು ಹಾಕುವ ಗುತ್ತಿಗೆ ತಮ್ಮ ಕೈತಪ್ಪಿದೆ ಎಂದು ಡಿ ಲಾ ರೂ ಕಂಪನಿ ತಿಳಿಸಿತು. ಟೆಂಡರ್ ಗೆದ್ದದ್ದು ಫ್ರೆಂಚ್-ಡಚ್ ಕಂಪನಿ ಜೆಮಾಲ್ಟೊ. ಪುಸ್ತಕ ತಯಾರಾಗುವುದು ಪೋಲೆಂಡಿನ ಒಂದು ಊರಿನಲ್ಲಿ.

ಡಿ ಲಾ ರೂ ಎಂಬ ಹೆಸರು ನಮ್ಮ ಓದುಗರಿಗೆ ಹೊಸದಿರಬಹುದು, ಆದರೆ ನಂಟು ಹಳೆಯದು. 1855ರಿಂದ ಹಿಂದೂಸ್ತಾನದ ಅಂಚೆಚೀಟಿಗಳನ್ನು ಲಂಡನ್ನಿನಲ್ಲಿ ಅಚ್ಚು ಹಾಕುತ್ತಿದ್ದದ್ದು ಇದೇ ಕಂಪನಿ. 1920ರ ದಶಕದ ನಡುವೆ ನಾಸಿಕದಲ್ಲಿ ಸರ್ಕಾರಿ ಮುದ್ರಣಾಲಯ ಶುರುವಾದ ಮೇಲೆಯೇ ಆ ಕೆಲಸ ಇಲ್ಲಿಗೆ ಬಂತು. ಈಗ ನಮ್ಮ ಪಾಸ್‌ಪೋರ್ಟ್ ಪುಸ್ತಕ ಅಚ್ಚಾಗುವುದೂ ಅದೇ ನಾಸಿಕದಲ್ಲಿ. ಇಡೀ ಒಂದು ಉಪಖಂಡದ ಅಂಚೆಚೀಟಿಯನ್ನು ತಮ್ಮ ಊರಿನಲ್ಲಿ ಅಚ್ಚು ಹಾಕಿ ಕಳಿಸುತ್ತಿದ್ದವರಿಗೆ, ತಮ್ಮ ಪಾಸ್‌ಪೋರ್ಟ್ ಬೇರೆಯವರ ಊರಿನಲ್ಲಿ ಅಚ್ಚಾಗುತ್ತದೆ ಎಂದಾಗ ಆದ ಸಂಕಟ ನೋಡಿ ನಮಗೆ ನಗು ಬಂದದ್ದು ಸುಳ್ಳಲ್ಲ.

ಸಂಸತ್ತಿನಲ್ಲಿ ಗದ್ದಲವಾಯಿತು. ಫ್ರಾನ್ಸಿನವರು ತಮ್ಮ ಪಾಸ್‌ಪೋರ್ಟನ್ನು ಹೊರಗಿನವರಿಗೆ ಕೊಡುವುದಿಲ್ಲ, ನಾವೇಕೆ ಕೊಡಬೇಕು? ಗೇಟ್ಸ್‌ಹೆಡ್‌ನ ಕಾರ್ಖಾನೆಯ ಕೆಲಸಗಾರರ ಗತಿಯೇನು? ಇದು ದೇಶದ ಭದ್ರತೆಯ ವಿಷಯವಲ್ಲವೇ? ಸರ್ಕಾರದ ಉತ್ತರ ನೇರವಾಗಿತ್ತು: ಟೆಂಡರ್ ನಿಯಮದಂತೆ ನಡೆದಿದೆ, ತೆರಿಗೆದಾರರಿಗೆ 12 ಕೋಟಿ ಪೌಂಡು ಉಳಿತಾಯವಾಗುತ್ತದೆ, ಹೆಸರು ಫೋಟೋ ಅಚ್ಚಾಗುವುದು ಬ್ರಿಟನ್ನಿನಲ್ಲೇ. ಏಪ್ರಿಲ್ ಹೊತ್ತಿಗೆ ಡಿ ಲಾ ರೂ ಜಗಳ ಕೈಬಿಟ್ಟಿತು. 2020ರ ಮಾರ್ಚಿನಿಂದ ನೀಲಿ ಪುಸ್ತಕಗಳು ಜನರ ಕೈ ಸೇರತೊಡಗಿದವು.

ಕೆಲಸಗಾರರ ಅನ್ನದ ಪ್ರಶ್ನೆಯನ್ನು ನಾವು ಹಗುರ ಮಾಡುತ್ತಿಲ್ಲ. ಆದರೆ ಆ ಚರ್ಚೆಯನ್ನೆಲ್ಲ ಓದಿದಾಗ ನಮಗೆ ಕಂಡದ್ದು ಇಷ್ಟು: ರಟ್ಟಿನ ಬಣ್ಣ ಚರ್ಚೆಯಾಯಿತು, ಅಚ್ಚಿನ ಊರು ಚರ್ಚೆಯಾಯಿತು, ದರ ಚರ್ಚೆಯಾಯಿತು. ಒಳಪುಟದಲ್ಲಿ ಏನು ಬರೆದಿದೆ ಎಂಬುದು ಬರಲೇ ಇಲ್ಲ.

ಅದೇ ವಸಂತದಲ್ಲಿ, ಅದೇ ಮಂತ್ರಿಯ ಮುಂದೆ, ಇನ್ನೊಂದು ಪ್ರಕರಣವಿತ್ತು. 1948ರ ಜೂನ್ 22ರಂದು ಎಂಪೈರ್ ವಿಂಡ್‌ರಷ್ ಎಂಬ ಹಡಗು ಕೆರಿಬಿಯನ್ ದ್ವೀಪಗಳ ಜನರನ್ನು ಹೊತ್ತು ಇಂಗ್ಲೆಂಡಿನ ಟಿಲ್‌ಬರಿ ಬಂದರಿಗೆ ಬಂತು. ಯುದ್ಧದಿಂದ ಬಳಲಿದ ದೇಶಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಅಂದಿನಿಂದ 1973ರ ವರೆಗೆ ವಸಾಹತುಗಳಿಂದ, ಕಾಮನ್‌ವೆಲ್ತ್ ದೇಶಗಳಿಂದ ಬಂದವರು ಅಲ್ಲಿ ನೆಲೆಸುವ ಹಕ್ಕುಳ್ಳವರಾಗಿದ್ದರು. ಎಷ್ಟೋ ಜನ ಅಪ್ಪ ಅಮ್ಮನ ಪಾಸ್‌ಪೋರ್ಟಿನ ಮೇಲೆ ಬಂದ ಮಕ್ಕಳು. ತಮ್ಮದೇ ಪಾಸ್‌ಪೋರ್ಟ್ ಮಾಡಿಸಿಕೊಳ್ಳುವ ಅಗತ್ಯ ಅವರಿಗೆ ಬೀಳಲೇ ಇಲ್ಲ. ಶಾಲೆ ಕಲಿತರು, ಬಸ್ ಓಡಿಸಿದರು, ಆಸ್ಪತ್ರೆಗಳಲ್ಲಿ ದುಡಿದರು, ತೆರಿಗೆ ಕಟ್ಟಿದರು. 2012ರಿಂದ ಅಕ್ರಮ ವಲಸಿಗರಿಗೆ ಉಸಿರು ಕಟ್ಟುವ ವಾತಾವರಣ ಸೃಷ್ಟಿಸುತ್ತೇವೆಂದು ಸರ್ಕಾರ ಹೊರಟಾಗ, ಮನೆ ಬಾಡಿಗೆಗೆ ಕೊಡುವವನೂ ಕೆಲಸ ಕೊಡುವವನೂ ಆಸ್ಪತ್ರೆಯೂ ಕಾಗದ ಕೇಳತೊಡಗಿದರು. ಅವರು ಬಂದಿಳಿದಾಗಿನ ಚೀಟಿಗಳನ್ನು 2010ರಲ್ಲಿ ಗೃಹ ಇಲಾಖೆಯೇ ನಾಶ ಮಾಡಿತ್ತು. ಕನಿಷ್ಠ 83 ಜನರನ್ನು ತಪ್ಪಾಗಿ ದೇಶದಿಂದ ಹೊರಹಾಕಿರಬಹುದು ಎಂದು ಇಲಾಖೆಯೇ ಆಮೇಲೆ ಲೆಕ್ಕ ಕೊಟ್ಟಿತು.

ಇವರು ಆಶ್ರಯ ಕೋರಿದವರಲ್ಲ, ಹಕ್ಕುದಾರರು. ಆದರೂ ಕಾಗದವಿಲ್ಲದ ಒಂದೇ ಕಾರಣಕ್ಕೆ ಆಶ್ರಯ ಬೇಡುವವರ ಸಾಲಿಗೆ ತಳ್ಳಲ್ಪಟ್ಟರು. ಕಾಗದ ಮತ್ತು ಮನುಷ್ಯ ಇಬ್ಬರಲ್ಲಿ ಸರ್ಕಾರ ಯಾರನ್ನು ನಂಬುತ್ತದೆ ಎಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2018ರ ಏಪ್ರಿಲ್ 25ರಂದು ಗೃಹ ಮಂತ್ರಿ ಆಂಬರ್ ರಡ್ ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿಯ ಮುಂದೆ ಹಾಜರಾದರು. ಇಷ್ಟು ಜನರನ್ನು ಹೊರಹಾಕಬೇಕು ಎಂಬ ಗುರಿ ಅಧಿಕಾರಿಗಳಿಗೆ ಇದೆಯೇ ಎಂದು ಕೇಳಲಾಯಿತು. ಇಲ್ಲ ಎಂದರು. ಗುರಿ ಇತ್ತು ಎಂಬ ಕಾಗದಗಳು ಒಂದೊಂದಾಗಿ ಹೊರಬಂದವು. 29ರಂದು ರಾಜೀನಾಮೆ. ಸಂಸತ್ತಿನ ಸಮಿತಿಯೊಂದು ಹೀಗೆ ನಾಲ್ಕೇ ದಿನದಲ್ಲಿ ಮಂತ್ರಿಯ ಕುರ್ಚಿ ಅಲುಗಿಸಿದ್ದನ್ನು ಕಂಡು ನಾವು ಮೆಚ್ಚಿಕೊಂಡೆವು. ನಮ್ಮಲ್ಲಿ ಸಮಿತಿಗಳ ವರದಿಗಳು ಕಪಾಟಿನಲ್ಲಿ ಬೆಚ್ಚಗೆ ನಿದ್ದೆ ಮಾಡುವುದನ್ನು ನೋಡಿದವರು ನಾವು. ಆದರೆ ಮೆಚ್ಚುಗೆ ಇಳಿದ ಮೇಲೆ ಒಂದು ಯೋಚನೆ ಬಂತು. ಮಂತ್ರಿ ಹೋದದ್ದು ಯಾವುದಕ್ಕಾಗಿ? ಗುರಿಯ ಬಗ್ಗೆ ಸದನಕ್ಕೆ ತಪ್ಪು ಮಾಹಿತಿ ಕೊಟ್ಟದ್ದಕ್ಕಾಗಿ. ಮನೆ, ಕೆಲಸ, ದೇಶ ಕಳೆದುಕೊಂಡ ಮುದುಕರಿಗಾಗಿ ಅಲ್ಲ. ಅವರ ಪರಿಹಾರದ ಕಥೆ ಬೇರೆಯೇ ಇದೆ. 2021ರ ನವೆಂಬರಿನಲ್ಲಿ ಅದೇ ಸಮಿತಿ ವರದಿ ಕೊಟ್ಟಾಗ, ಪರಿಹಾರ ಕೈ ಸೇರುವ ಮೊದಲೇ ಸತ್ತವರು 23 ಜನ. ಈ ಯೋಜನೆಯನ್ನು ಗೃಹ ಇಲಾಖೆಯ ಕೈಯಿಂದ ತೆಗೆದು ಸ್ವತಂತ್ರ ಸಂಸ್ಥೆಗೆ ಕೊಡಿ ಎಂದು ಸಮಿತಿ ಹೇಳಿತು. ಸರ್ಕಾರ ಕೊಡಲಿಲ್ಲ.

ಇಲ್ಲಿಗೆ ನಮ್ಮ ಪ್ರಶ್ನೆ ಒಂದು ರೂಪಕ್ಕೆ ಬರುತ್ತದೆ. ಸಂಸತ್ತಿಗೆ ಕೇಳಲು ಬರುವ ಪ್ರಶ್ನೆಗಳು ಯಾವುವು? ಎಷ್ಟು ಖರ್ಚಾಯಿತು, ಟೆಂಡರ್ ಸರಿಯಿತ್ತೇ, ಅಂಕಿ ನಿಜವೇ. ಬ್ರಿಟನ್ನಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಹುಟ್ಟಿದ್ದು 1861ರಲ್ಲಿ. ನಮ್ಮ ಸಂಸತ್ತಿನಲ್ಲಿ, ಕರ್ನಾಟಕದ ವಿಧಾನಮಂಡಲದಲ್ಲಿ ಇರುವ ಅದೇ ಹೆಸರಿನ ಸಮಿತಿಗಳು ಅದರ ಸಂತಾನವೇ. ಅಲ್ಲಿ ಪ್ರತಿ ಇಲಾಖೆಯ ಮುಖ್ಯ ಕಾರ್ಯದರ್ಶಿಯೂ ಖರ್ಚಿಗೆ ವೈಯಕ್ತಿಕವಾಗಿ ಹೊಣೆ. ಮಂತ್ರಿ ಹೇಳಿದ ಕೆಲಸಕ್ಕೆ ಆತ ನಾಲ್ಕು ಕಾರಣಗಳಿಗೆ ಆಕ್ಷೇಪ ಎತ್ತಬಹುದು: ಅದು ಕಾನೂನಿನ ಅಧಿಕಾರದೊಳಗಿಲ್ಲ, ಸಾರ್ವಜನಿಕ ನಡತೆಯ ಮಟ್ಟಕ್ಕೆ ತಕ್ಕದ್ದಲ್ಲ, ಹಣಕ್ಕೆ ತಕ್ಕ ಫಲವಿಲ್ಲ, ಮಾಡಿ ಮುಗಿಸಲು ಆಗದು. ಆಗ ಮಂತ್ರಿ ಬರವಣಿಗೆಯಲ್ಲಿ ಆಜ್ಞೆ ಕೊಡಬೇಕು. ಇದು ನ್ಯಾಯವೇ ಎಂಬ ಐದನೆಯ ಕಾರಣ ಆ ಪಟ್ಟಿಯಲ್ಲಿಲ್ಲ.

2022ರ ಏಪ್ರಿಲಿನಲ್ಲಿ ಇದು ಅಕ್ಷರಶಃ ನಡೆಯಿತು. ಚಿಕ್ಕ ದೋಣಿಗಳಲ್ಲಿ ಸಮುದ್ರ ದಾಟಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸಿ, ಅವರ ಆಶ್ರಯದ ಅರ್ಜಿಯನ್ನು ಅಲ್ಲೇ ವಿಚಾರಿಸುವ ಯೋಜನೆ ಅದು. ಇಲ್ಲಿ ಗೆದ್ದವರೂ ಬ್ರಿಟನ್ನಿಗೆ ಬರುವಂತಿರಲಿಲ್ಲ, ರುವಾಂಡಾದಲ್ಲೇ ಇರಬೇಕು. ಗೃಹ ಇಲಾಖೆಯ ಕಾರ್ಯದರ್ಶಿ ಮ್ಯಾಥ್ಯೂ ರೈಕ್ರಾಫ್ಟ್ ಆಕ್ಷೇಪ ಬರೆದರು: ಇದರಿಂದ ದೋಣಿಗಳು ನಿಲ್ಲುತ್ತವೆ ಎನ್ನಲು ಸಾಕಷ್ಟು ಖಚಿತ ಆಧಾರವಿಲ್ಲ, ಆದ್ದರಿಂದ ಹಣಕ್ಕೆ ತಕ್ಕ ಫಲ ಎಂದು ತೀರ್ಮಾನಿಸಲಾರೆ. ಮಂತ್ರಿ ಪ್ರೀತಿ ಪಟೇಲ್ ಲಿಖಿತ ಆಜ್ಞೆ ಕೊಟ್ಟರು. ಯೋಜನೆ ಹೊರಟಿತು.

ಹಣವೂ ಹೊರಟಿತು. 14 ಕೋಟಿ ಪೌಂಡು ಹೋದದ್ದು ಎಲ್ಲರಿಗೂ ಗೊತ್ತಿತ್ತು. ಇನ್ನೂ 10 ಕೋಟಿ ಹೋಗಿದೆ ಎಂದು ಸಂಸತ್ತಿಗೆ ತಿಳಿದದ್ದು 2023ರ ಡಿಸೆಂಬರಿನಲ್ಲಿ, ಎರಡು ಸಮಿತಿಗಳ ಅಧ್ಯಕ್ಷರಿಗೆ ಬರೆದ ಒಂದು ಪತ್ರದ ಮೂಲಕ. ಹಣ ಹೋದದ್ದು ಆ ವರ್ಷದ ಏಪ್ರಿಲಿನಲ್ಲಿ. 2024ರ ಮಾರ್ಚಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಪೂರ್ತಿ ಕರಾರನ್ನು ಬಿಡಿಸಿಟ್ಟಿತು: ರುವಾಂಡಾಕ್ಕೆ 37 ಕೋಟಿ ಪೌಂಡು, 300 ಜನರನ್ನು ಕಳಿಸಿದ ಕೂಡಲೇ ಇನ್ನೂ 12 ಕೋಟಿ, ಕಳಿಸಿದ ಪ್ರತಿಯೊಬ್ಬರಿಗೆ 20,000, ಅದರ ಮೇಲೆ ಐದು ವರ್ಷಗಳಲ್ಲಿ ತಲೆಗೆ ಒಂದೂವರೆ ಲಕ್ಷ ಪೌಂಡಿನ ವರೆಗೆ ಖರ್ಚು. ತಲೆಗೆ ಇಷ್ಟು ಎಂಬ ಈ ಲೆಕ್ಕ ಓದುವಾಗ ನಮಗೆ ನೆನಪಾದದ್ದು ಜಾನುವಾರು ಸಂತೆ. ಹೋಲಿಕೆ ಒರಟಾಯಿತು, ಆದರೆ ಬಂದದ್ದು ಅದೇ. ಅದೇ ವರ್ಷದ ಜುಲೈನಲ್ಲಿ ಹೊಸ ಸರ್ಕಾರ ಬಂದು ಯೋಜನೆ ರದ್ದು ಮಾಡಿತು. ಅಷ್ಟರಲ್ಲಿ ಆದ ಖರ್ಚು 70 ಕೋಟಿ ಪೌಂಡು ಎಂದು ಹೊಸ ಗೃಹ ಮಂತ್ರಿ ಯೆವೆಟ್ ಕೂಪರ್ ಸದನದಲ್ಲಿ ಹೇಳಿದರು. ಹೋದವರು ನಾಲ್ಕು ಜನ. ಅವರೂ ಒಪ್ಪಿ ಹೋದವರು.

70 ಕೋಟಿಗೆ ನಾಲ್ಕು ಜನ! ಈ ಒಂದು ವಾಕ್ಯಕ್ಕಿರುವ ಬಲ ನೂರು ಕರುಣೆಯ ಭಾಷಣಗಳಿಗಿಲ್ಲ. ಆಶ್ರಯಾರ್ಥಿಗಳನ್ನು ಕಂಡರೆ ಆಗದವರೂ ಇದನ್ನು ಕೇಳಿ ತಲೆಗೆ ಕೈ ಹೊತ್ತರು. ನಮಗೆ ಕಸಿವಿಸಿಯಾದದ್ದು ಅಲ್ಲೇ. ತಲೆಗೆ ಐದು ಸಾವಿರ ಪೌಂಡಿನಲ್ಲಿ ಈ ಕೆಲಸ ಮುಗಿಯುವಂತಿದ್ದರೆ? ವಿಮಾನಗಳು ತುಂಬಿ ಹೋಗಿದ್ದರೆ? ಆಗ ಲೆಕ್ಕಪತ್ರ ಸಮಿತಿಗೆ ಕೇಳಲು ಏನು ಉಳಿಯುತ್ತಿತ್ತು? ದುಬಾರಿ ಎಂಬ ಕಾರಣಕ್ಕೆ ಒಂದು ಅನ್ಯಾಯ ನಿಂತರೆ, ಅಗ್ಗದ ಅನ್ಯಾಯಕ್ಕೆ ದಾರಿ ತೆರೆದೇ ಇರುತ್ತದೆ.

ಈ ಮಾತನ್ನು ಲೆಕ್ಕಪರಿಶೋಧನೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದ ನಮ್ಮ ಗೆಳೆಯರೊಬ್ಬರ ಮುಂದೆ ಇಟ್ಟೆವು. ಅವರು ನಕ್ಕರು. “ಸಾಹೇಬರೇ, ನೀವು ಕಥೆ ಬರೆಯೋರು. ನ್ಯಾಯ ಎಲ್ಲಿ ಅಂತ ಕೇಳಿದರೆ ಮಂತ್ರಿ ಎದ್ದು ನಿಂತು ಅರ್ಧ ಗಂಟೆ ಭಾಷಣ ಮಾಡ್ತಾನೆ. ರಸೀದಿ ಎಲ್ಲಿ ಅಂತ ಕೇಳಿ ನೋಡಿ, ಬೆವರ್ತಾನೆ.”

ಅವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಆಶ್ರಯ ಕೋರಿ ಬಂದವನಿಗೆ ಓಟಿಲ್ಲ. ಆತನ ಕ್ಷೇತ್ರವೂ ಇಲ್ಲ, ಆತನ ಪ್ರತಿನಿಧಿಯೂ ಇಲ್ಲ. ತೆರಿಗೆದಾರನ ಹಣದ ಬೆನ್ನು ಹತ್ತಿ ಹೋದ ಸಮಿತಿಯೇ ಆತನ ಬಾಗಿಲವರೆಗೂ ಹೋಗಿ ತಲುಪಿದ್ದು ಎಷ್ಟೋ ಸಲ. ವಸತಿಯ ಗುತ್ತಿಗೆಗಳನ್ನೇ ನೋಡಿ. 2019ರಲ್ಲಿ ಮೂರು ಕಂಪನಿಗಳಿಗೆ ಹತ್ತು ವರ್ಷಕ್ಕೆ ಕೊಟ್ಟ ಈ ಗುತ್ತಿಗೆಗಳಿಗೆ 450 ಕೋಟಿ ಪೌಂಡು ಆದೀತೆಂದು ಅಂದಾಜಿತ್ತು. 2025ರ ಮೇ ತಿಂಗಳಲ್ಲಿ ಲೆಕ್ಕಪರಿಶೋಧನಾ ಕಚೇರಿ ಅದು 1,530 ಕೋಟಿಗೆ ಏರಲಿದೆ ಎಂದಿತು. ಹೋಟೆಲುಗಳಲ್ಲಿ ಇದ್ದವರು ಮೂರರಲ್ಲಿ ಒಂದು ಪಾಲಿನಷ್ಟು ಜನ. ಖರ್ಚಿನಲ್ಲಿ ಹೋಟೆಲಿನ ಪಾಲು ಮುಕ್ಕಾಲು. ಆ ವರ್ಷದ ಅಕ್ಟೋಬರಿನಲ್ಲಿ ಗೃಹ ವ್ಯವಹಾರಗಳ ಸಮಿತಿ, ಕೋಟಿಗಟ್ಟಲೆ ಹಣ ಪೋಲಾಗಿದೆ, ಗುತ್ತಿಗೆದಾರರ ಹೆಚ್ಚುವರಿ ಲಾಭವನ್ನೂ ಸರ್ಕಾರ ವಾಪಸು ಪಡೆದಿಲ್ಲ ಎಂದು ಕಟುವಾಗಿ ಬರೆಯಿತು. ಇಷ್ಟೆಲ್ಲ ಹಣ ಹರಿದ ಹೋಟೆಲಿನ ಕೋಣೆಯಲ್ಲಿ ಕೂತವನಿಗೆ ಕೈಖರ್ಚಿಗೆ ಸಿಗುತ್ತಿದ್ದದ್ದು ವಾರಕ್ಕೆ 10 ಪೌಂಡಿಗೂ ಕಡಿಮೆ. ದುಡಿದು ತಿನ್ನುತ್ತೇನೆ ಎಂದರೆ, ಅರ್ಜಿ ಹಾಕಿ ಒಂದು ವರ್ಷ ಕಾದ ಮೇಲೆಯೇ, ಅದೂ ಸರ್ಕಾರದ ಪಟ್ಟಿಯಲ್ಲಿರುವ ಕೆಲಸಕ್ಕೆ ಮಾತ್ರ, ಅನುಮತಿ ಕೇಳಬಹುದು. ಆದರೆ ಬೀದಿಯಲ್ಲಿ ಕೂಗುವವರ ಕಣ್ಣಿಗೆ ಆ 1,530 ಕೋಟಿಯನ್ನು ತಿಂದವನು ಆತನೇ!

ಲೆಕ್ಕದ ಭಾಷೆಯ ಅಪಾಯ ಇದು. ಖರ್ಚು ಎಂಬ ಕಾಲಂನಲ್ಲಿ ಮನುಷ್ಯನನ್ನು ಒಮ್ಮೆ ಬರೆದ ಮೇಲೆ, ಆತನನ್ನು ಕಡಿಮೆ ಮಾಡುವುದೇ ಉಳಿತಾಯ ಅನ್ನಿಸತೊಡಗುತ್ತದೆ. ನಮ್ಮ ಗೆಳೆಯರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ.

ಇನ್ನೊಂದು ಪ್ರಶ್ನೆಯನ್ನು ಕೇಳಿದ್ದು ನ್ಯಾಯಾಲಯ. 2023ರ ನವೆಂಬರ್ 15ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ ರುವಾಂಡಾ ಯೋಜನೆ ಕಾನೂನುಬಾಹಿರ ಎಂದರು. ಅವರು ಖರ್ಚು ನೋಡಲಿಲ್ಲ. ಅಲ್ಲಿಗೆ ಹೋದವನನ್ನು, ಆತ ಯಾವ ಬೆಂಕಿಯಿಂದ ಪಾರಾಗಿ ಬಂದನೋ ಅದಕ್ಕೇ ಮರಳಿ ತಳ್ಳುವ ಅಪಾಯ ಇದೆಯೇ ಎಂದು ನೋಡಿದರು. ಇದೆ ಎಂದರು. ಸರ್ಕಾರ ಏನು ಮಾಡಿತು ಗೊತ್ತೇ? ರುವಾಂಡಾ ಸುರಕ್ಷಿತ ದೇಶ ಎಂದು ಒಂದು ಕಾನೂನು ತಂದಿತು. ಅಧಿಕಾರಿಗಳೂ ನ್ಯಾಯಾಲಯಗಳೂ ಹಾಗೆಂದೇ ಭಾವಿಸತಕ್ಕದ್ದು! ಮೇಲ್ಮನೆ ಸಾಕಷ್ಟು ಗುದ್ದಾಡಿತು. 2024ರ ಜನವರಿ 22ರಂದು, ಸುರಕ್ಷತೆಯ ಏರ್ಪಾಡು ಆಗುವ ತನಕ ರುವಾಂಡಾ ಒಪ್ಪಂದವನ್ನು ಅಂಗೀಕರಿಸಬಾರದು ಎಂದು 171ಕ್ಕೆ 214 ಮತಗಳಿಂದ ನಿರ್ಣಯವನ್ನೂ ಮಾಡಿತು. ಕೊನೆಗೆ ಏಪ್ರಿಲ್ 25ರಂದು ಮಸೂದೆ ಕಾನೂನಾಯಿತು. ಮಳೆ ಸುರಿಯುತ್ತಿರುವಾಗ ಕೈ ಎತ್ತಿಸಿ ಮತ ಎಣಿಸಿ ಬಿಸಿಲು ಎಂದು ಘೋಷಿಸಿದಂತೆ. ಬಹುಮತಕ್ಕೆ ಕಾನೂನು ಮಾಡುವ ಅಧಿಕಾರವಿದೆ. ನಿಜವನ್ನು ಮಾಡುವ ಅಧಿಕಾರವೂ ಇದೆಯೇ?

ಉರ್ದುವಿನಲ್ಲಿ ಆಸರೆಗೆ ‘ಪನಾಹ್’ ಎನ್ನುತ್ತಾರೆ. ಹಳೆಯ ನಾಟಕ, ಸಿನಿಮಾಗಳಲ್ಲಿ ಬಾದಶಹನನ್ನು ಕರೆಯುವ ‘ಜಹಾಂಪನಾಹ್’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. ನಾವು ಶಾಲೆಯಲ್ಲಿ ಅದನ್ನು ಬರೀ ಬಿರುದು ಎಂದುಕೊಂಡಿದ್ದೆವು. ಅದರ ಅರ್ಥ ‘ಜಗತ್ತಿಗೆ ಆಸರೆಯಾದವನು’. ಹಾಗೆ ಕರೆಸಿಕೊಂಡ ಬಾದಶಹರು ಎಷ್ಟು ಜನರಿಗೆ ಆಸರೆಯಾದರೋ, ಎಷ್ಟು ಜನರ ಆಸರೆ ಕಿತ್ತರೋ, ಅದು ಇತಿಹಾಸಕಾರರ ಕೆಲಸ. ಆದರೆ ಆಳುವವನ ಎದುರು ನಿಂತು ಬಾಯಿ ತೆರೆಯುವ ಮುಂಚೆ ಆತನ ಕರ್ತವ್ಯ ಏನೆಂದು ಆ ಸಂಬೋಧನೆಯಲ್ಲೇ ನೆನಪಿಸುತ್ತಿದ್ದರು. ಈಗಿನ ಸದನಗಳಲ್ಲಿ ‘ಮಾನ್ಯರೇ’ ಎನ್ನುತ್ತಾರೆ. ಅದರಲ್ಲಿ ಯಾವ ನೆನಪೂ ಇಲ್ಲ.

ಹಾಗೆಂದು ಸದನಗಳು ಬರೀ ರಸೀದಿಯನ್ನೇ ಕೇಳಿದವು ಎಂದರೆ ಅನ್ಯಾಯವಾದೀತು. 2022ರ ಅಕ್ಟೋಬರಿನಲ್ಲಿ ಗಡಿ ಮತ್ತು ವಲಸೆಯ ಮುಖ್ಯ ತಪಾಸಣಾಧಿಕಾರಿ ಡೇವಿಡ್ ನೀಲ್, ಕೆಂಟ್‌ನ ಮ್ಯಾನ್‌ಸ್ಟನ್ ಶಿಬಿರವನ್ನು ನೋಡಿ ಬಂದು, ತಮಗೆ ಮಾತೇ ಹೊರಡಲಿಲ್ಲ ಎಂದು ಗೃಹ ವ್ಯವಹಾರಗಳ ಸಮಿತಿಯ ಮುಂದೆ ಹೇಳಿದರು. ಒಂದು ದಿನದ ಮಟ್ಟಿಗೆ ಜನರನ್ನು ಇಡಲು ಮಾಡಿದ್ದ ಜಾಗ. 1,600 ಜನರಿಗೆಂದು ಇದ್ದ ಅಲ್ಲಿ ಆಮೇಲೆ ಸುಮಾರು 4,000 ಜನ ತುಂಬಿದರು. ಹಾಗೆಯೇ 2023ರ ಜನವರಿಯಲ್ಲಿ ಸದನದ ಪ್ರಶ್ನೆಗಳಿಗೆ ಉತ್ತರಿಸುತ್ತ ವಲಸೆ ಮಂತ್ರಿ ರಾಬರ್ಟ್ ಜೆನ್‌ರಿಕ್ ಒಪ್ಪಿಕೊಳ್ಳಬೇಕಾಯಿತು: ಅಪ್ಪ ಅಮ್ಮ ಯಾರೂ ಜೊತೆಗಿಲ್ಲದೆ ಬಂದು ಇಲಾಖೆಯ ಹೋಟೆಲುಗಳಲ್ಲಿದ್ದ ಮಕ್ಕಳಲ್ಲಿ 200 ಮಕ್ಕಳು ಕಾಣೆಯಾಗಿದ್ದಾರೆ, ಇನ್ನೂ ಸಿಕ್ಕಿಲ್ಲ. ಇದು ಯಾವ ಲೆಕ್ಕಪತ್ರ ಸಮಿತಿಯ ಕಾಲಂನಲ್ಲಿ ಬರಬೇಕು?

ಅದೇ ವರ್ಷ ಜುಲೈನಲ್ಲಿ ಇನ್ನೊಂದು ಸಣ್ಣ ಸುದ್ದಿ ಬಂತು. ಡೋವರ್ ಬಂದರಿನ ಹತ್ತಿರ, ದೋಣಿಯಿಂದ ಇಳಿದ ಮಕ್ಕಳನ್ನು ಮೊದಲು ಕರೆತರುವ ಕೇಂದ್ರವೊಂದರ ಗೋಡೆಯ ಮೇಲೆ ಯಾರೋ ಪುಣ್ಯಾತ್ಮರು ಮಿಕ್ಕಿ ಮೌಸ್, ಬಾಲೂ ಕರಡಿ ಇತ್ಯಾದಿ ಚಿತ್ರಗಳನ್ನು ಬರೆಸಿದ್ದರು. ವಲಸೆ ಮಂತ್ರಿ ಅದನ್ನು ನೋಡಿ ಅಳಿಸಲು ಹೇಳಿದರು. ತೀರಾ ಸ್ವಾಗತ ಕೋರುವಂತಿದೆ ಎಂಬುದು ಕಾರಣ ಎಂದು ಪತ್ರಿಕೆಗಳು ಬರೆದವು. ಅಲ್ಲಿಗೆ ಬರುವವರು ಹೆಚ್ಚಿನವರು ಹದಿಹರೆಯದವರು, ಚಿತ್ರಗಳು ಅವರ ವಯಸ್ಸಿಗೆ ತಕ್ಕದ್ದಾಗಿರಲಿಲ್ಲ ಎಂದು ಮಂತ್ರಿ ಸದನದಲ್ಲಿ ಹೇಳಿದರು. ಬಣ್ಣ ಬಳಿಸಲು ಎಷ್ಟಾಯಿತು ಎಂಬುದು ಆಮೇಲೆ ಮಾಹಿತಿ ಹಕ್ಕಿನ ಅರ್ಜಿಯಿಂದ ಹೊರಬಂತು: 1,549 ಪೌಂಡು 52 ಪೆನ್ಸ್. ಲೆಕ್ಕ ಪೈಸೆಯವರೆಗೂ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಇದನ್ನು ಓದಿ ಹೇಳಿದೆವು. ದೊಡ್ಡವರೆಲ್ಲ ನಮ್ಮ ರೂಪಾಯಿಗೆ ಎಷ್ಟಾಗುತ್ತದೆ ಎಂದು ಗುಣಿಸತೊಡಗಿದರು. ಸಣ್ಣ ಮಗಳು ಮಾತ್ರ ತಟ್ಟೆಯಿಂದ ತಲೆ ಎತ್ತಿ, ಬಾಲೂಗೆ ಬಣ್ಣ ಬಳಿಯುವಾಗ ಆ ಮಕ್ಕಳು ಅಲ್ಲೇ ಕೂತಿದ್ದರಾ ಅಬ್ಬಾ, ಎಂದು ಕೇಳಿದಳು.